ಅರ್ಧ ಎಣಿಕೆ ಮುಂಚೆ

ಫೆಬ್ರವರಿ 11

ಅತ್ತಿಗೆ,

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಅಂಗಡಿಗೆ ಬಂದರೆ ಒಳಗೆ ಹೋಗಿ ಇಸ್ತ್ರಿಯ ಹಬೆಯ ಹಿಂದೆ ನಿಂತುಬಿಡುತ್ತೀರಿ. ಕಳೆದ ಶುಕ್ರವಾರ ಕೌಂಟರಿನ ಮುಂದೆ ಹತ್ತು ನಿಮಿಷ ಕಾದೆ. ಒಗೆಯಲು ಹಾಕಿದ ಬಟ್ಟೆಯ ಚೀಟಿ ಕೂಡ ಕೈಯಲ್ಲಿರಲಿಲ್ಲ, ಹಾಗಾಗಿ ನಿಲ್ಲುವುದಕ್ಕೆ ಒಂದು ನೆಪವೂ ಇರಲಿಲ್ಲ. ಅದಕ್ಕೇ ಈ ಕಾಗದ. ಗಿರಾಕಿಗಳ ಜೇಬಿನಲ್ಲಿ ಸಿಕ್ಕ ಚೀಟಿಗಳನ್ನೇ ಓದಿ ಮಡಿಸಿಡುವ ನೀವು ಇದನ್ನು ಓದದೆ ಹರಿಯಲಾರಿರಿ ಎಂಬ ಧೈರ್ಯ.

ಸುತ್ತಿ ಬಳಸಿ ಬಂದರೆ ನಿಮಗೆ ಸಿಟ್ಟು ಬರುತ್ತದೆ. ನೇರವಾಗಿ ಹೇಳುತ್ತೇನೆ. ಅಣ್ಣನ ಡ್ರಮ್ಸ್ ಬೇಕಿತ್ತು.

ಅಕ್ಟೋಬರಿಗೆ ನಮ್ಮ ಬ್ಯಾಂಡಿಗೆ ಇಪ್ಪತ್ತೈದು ತುಂಬುತ್ತದೆ. ಪುರಭವನವನ್ನು ಅಣ್ಣನೇ ಹೋಗಿ ಗೊತ್ತುಮಾಡಿ ಬಂದಿದ್ದ. ಅವನ ಜಾಗಕ್ಕೆ ಇಬ್ಬರು ಬಂದು ಹೋದರು. ಇಬ್ಬರೂ ಕೈ ಪಳಗಿದವರೇ. ಆದರೆ ‘ಏಳನೇ ಮಹಡಿ’ ಹಾಡಿಗೆ ಬಂದರೆ ಒಂದೇ ಜಾಗದಲ್ಲಿ ಎಲ್ಲರೂ ಮುಗ್ಗರಿಸುತ್ತೇವೆ. ನಿಮಗೆ ಗೊತ್ತಲ್ಲ, ಎರಡನೇ ಚರಣ ಮುಗಿದ ಮೇಲೆ ನಾಲ್ಕೂ ಜನ ಒಮ್ಮೆಲೇ ನಿಲ್ಲುತ್ತೇವೆ. ನಾಲ್ಕು ಎಣಿಕೆಯಷ್ಟು ಹೊತ್ತು ಏನೂ ಇಲ್ಲ. ಆಮೇಲೆ ಅಣ್ಣ ಡ್ರಮ್ಮಿನ ಅಂಚಿಗೆ ‘ಟಕ್’ ಎಂದು ಒಂದೇ ಪೆಟ್ಟು ಕೊಡುತ್ತಿದ್ದ. ನನ್ನ ಬೇಸ್ ಗಿಟಾರ್ ಶುರುವಾಗುತ್ತಿತ್ತು, ಬೆನ್ನಿಗೇ ಉಳಿದವರು. ಹೊಸಬರಿಗೆ ಆ ‘ಟಕ್’ ಎಲ್ಲಿ ಬೀಳಬೇಕೆಂಬುದೇ ತಿಳಿಯುತ್ತಿಲ್ಲ. ಹಳೆಯ ರೆಕಾರ್ಡಿಂಗ್ ಕೇಳಿಸಿದರೂ ತಿಳಿಯುತ್ತಿಲ್ಲ. ನಮ್ಮ ಗಿಟಾರಿನವನು, ಅದೇ ಹಲ್ಲು ಡಾಕ್ಟರ್, ಇದು ಡ್ರಮ್ಸ್ ಬದಲಾದ ತೊಂದರೆ ಎನ್ನುತ್ತಾನೆ. ಹಳೆಯ ಬಾಯಿಗೆ ಹೊಸ ಹಲ್ಲು ಕೂರುವುದಿಲ್ಲವಂತೆ. ಹಾಡುವ ಡ್ರೈವರ್‌ಗೆ ಅಷ್ಟು ತಾಳ್ಮೆಯಿಲ್ಲ. ಬೆಳಿಗ್ಗೆಯಿಂದ ಸ್ಕೂಲ್ ಬಸ್ ಓಡಿಸಿ ಬಂದವನು, ಎರಡನೆಯವನಿಗೆ, “ನಿನಗಿಂತ ನನ್ನ ಬಸ್ಸಿನ ವೈಪರ್ರೇ ವಾಸಿ ಮಾರಾಯ, ಅದಾದ್ರೂ ತಾಳದಲ್ಲಿರುತ್ತೆ” ಎಂದುಬಿಟ್ಟ. ಅವನು ಮತ್ತೆ ಬರಲಿಲ್ಲ.

ಲಿಫ್ಟ್ ರಿಪೇರಿಯವನು ನಮ್ಮಣ್ಣ, ಕೆಟ್ಟ ಲಿಫ್ಟ್ ಸರಿಮಾಡಲು ಮೆಟ್ಟಿಲು ಹತ್ತುತ್ತಾ, ಮೂರನೇ ಮಹಡಿಗೂ ನಾಲ್ಕನೆಯದಕ್ಕೂ ನಡುವೆ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಬೇರೆ ಯಾರಿಗಾದರೂ ಹೀಗಾಗಿದ್ದರೆ ಅಣ್ಣನೇ ಇದನ್ನು ಹೇಳಿ ಎಲ್ಲರನ್ನೂ ನಗಿಸುತ್ತಿದ್ದ.

ಅವನು ಹೋದ ಒಂಬತ್ತನೇ ದಿನ ನಾವು ಕಾರ್ಯಕ್ರಮ ಕೊಟ್ಟದ್ದನ್ನು ನೀವು ಮರೆತಿಲ್ಲ ಎಂದು ಗೊತ್ತು. ಮುಂಚೆಯೇ ಒಪ್ಪಿಕೊಂಡದ್ದು ಎಂದು ಡ್ರೈವರ್ ಹೇಳಿದ, ನಾನು ತಲೆಯಾಡಿಸಿದೆ. ಬೇಡ ಎನ್ನಬಹುದಿತ್ತು. ಯಾಕೆ ಅನ್ನಲಿಲ್ಲ ಎಂದು ಮೂರು ತಿಂಗಳಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಈ ಕಾಗದ ಬರೆಯುತ್ತಿರುವುದು ಕ್ಷಮೆ ಕೇಳುವುದಕ್ಕೋ ಡ್ರಮ್ಸ್ ಕೇಳುವುದಕ್ಕೋ, ಅದೂ ನನಗೆ ಸರಿಯಾಗಿ ಗೊತ್ತಿಲ್ಲ.

ಅಣ್ಣ ಕರೆಯುತ್ತಿದ್ದ ಹೆಸರಿನಲ್ಲೇ ಸಹಿ ಹಾಕುತ್ತೇನೆ. ನೀವೂ ಮೊದಲು ಹಾಗೇ ಕರೆಯುತ್ತಿದ್ದಿರಿ.

ನಿಮ್ಮ
ಗಡಿಬಿಡಿ


ಫೆಬ್ರವರಿ 27

ನಾದಿನಿಗೆ,

ಡ್ರಮ್ಸ್ ಕೊಡುವುದಿಲ್ಲ. ಆ ಕೋಣೆಗೆ ಬೀಗ ಹಾಕಿದ್ದೇನೆ.

ಒಂಬತ್ತನೇ ದಿನದ ಮಾತು ನೀನೇ ಎತ್ತಿದ್ದರಿಂದ ಹೇಳುತ್ತೇನೆ. ಅವತ್ತಿಗೆ ನಾನು ಅವರ ಅಂಗಿಗಳನ್ನು ಒಗೆಯಬೇಕೋ ಹಾಗೇ ಇಡಬೇಕೋ ತೀರ್ಮಾನಿಸಿರಲಿಲ್ಲ. ಕಾಲರಿನಲ್ಲಿ ಬೆವರಿನ ಗೆರೆ ಹಾಗೇ ಇತ್ತು. ದಿನಕ್ಕೆ ಎಂಬತ್ತು ಕಾಲರು ಉಜ್ಜುವವಳಿಗೆ ಒಂದು ಕಾಲರು ಮುಟ್ಟಲು ಕೈ ಬರುತ್ತಿರಲಿಲ್ಲ. ಮಧ್ಯಾಹ್ನ ನಿನ್ನ ಕರಿ ಅಂಗಿ ಇಸ್ತ್ರಿಗೆ ಬಂತು. ದುಃಖದ ಮನೆಯವಳು, ಕರಿ ಬಟ್ಟೆ ಉಡುತ್ತಾಳೆ ಅಂದುಕೊಂಡೆ. ಬೇರೆಯವರ ಕೈಗೆ ಕೊಡದೆ ನಾನೇ ನೀರು ಚಿಮುಕಿಸಿ, ತೋಳಿನ ಮಡಿಕೆ ತೀಡಿ ಕಳಿಸಿದೆ. ನೀನು ಅದನ್ನು ಹಾಕಿಕೊಂಡು ಸ್ಟೇಜ್ ಹತ್ತಿದ್ದೆ ಎಂದು ಮಾರನೇ ದಿನ ಗಿರಾಕಿಯೊಬ್ಬರು ಹೇಳಿದರು. ಚೆನ್ನಾಗಿ ಕಾಣುತ್ತಿದ್ದೆಯಂತೆ.

ಹೊಸಬರನ್ನು ಬಯ್ಯಬೇಡಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಷ್ಟೇ ನಾನು ಹೇಳುವುದು.

ಅತ್ತಿಗೆ


ಏಪ್ರಿಲ್ 6

ಅತ್ತಿಗೆ,

ಅಂಗಿಯ ವಿಷಯ ನನಗೆ ಗೊತ್ತಿರಲಿಲ್ಲ. ಯಾವಾಗಲೂ ಕಳಿಸುವ ಹಾಗೆ ಕಳಿಸಿದ್ದೆ. ಯೋಚನೆ ಮಾಡದೆ ಮಾಡಿದ್ದು ಎಂದು ಬರೆಯಹೊರಟು ನಿಲ್ಲಿಸಿದೆ. ಯೋಚನೆ ಮಾಡದ್ದೇ ತಪ್ಪಲ್ಲವೇ?

ಇವತ್ತು ಬರೆಯುತ್ತಿರುವುದು ಬೇರೆ ವಿಷಯಕ್ಕೆ. ನಿಮ್ಮ ಗಾದೆಯ ವಿಷಯಕ್ಕೆ.

ಮೂರನೆಯವರು ಸಿಕ್ಕಿದ್ದಾರೆ. ಪೊಲೀಸ್ ಬ್ಯಾಂಡಿನಲ್ಲಿ ಮೂವತ್ತು ವರ್ಷ ಡ್ರಮ್ ಬಾರಿಸಿ ನಿವೃತ್ತರಾದವರು. ಎಲ್ಲರೂ ಪೊಲೀಸಪ್ಪ ಎನ್ನುತ್ತೇವೆ. ಟೈಲ್ಸ್ ಅಂಗಡಿಯ ನೆಲಮಾಳಿಗೆಯ ನಮ್ಮ ಅಭ್ಯಾಸದ ಜಾಗಕ್ಕೆ ಮೊದಲ ದಿನ ಬಂದವರೇ ಶೂ ಬಿಚ್ಚಿ, ಜೋಡಿಸಿಟ್ಟು, “ಶುರು ಮಾಡೋಣ್ವ?” ಎಂದರು. ‘ಏಳನೇ ಮಹಡಿ’ಯ ಆ ಜಾಗ ಬಂತು. ಎಲ್ಲರೂ ಎಂದಿನಂತೆ ಬಿದ್ದೆವು. ಡ್ರೈವರ್ ಬಾಯಿ ತೆರೆಯುವ ಮುಂಚೆ ಅವರೇ ಕೋಲು ಎತ್ತಿ ತಡೆದರು.

“ಒಂದ್ನಿಮಿಷ. ಅಮ್ಮಾ, ನೀವೊಬ್ರೇ ಬಾರ್ಸಿ. ನಾನು ಎಣಿಸ್ತೀನಿ.”

ಅವರು ಎಣಿಸಿದರು. ಒಂದು, ಎರಡು, ಮೂರು. ನಾಲ್ಕು ಅವರ ಬಾಯಲ್ಲಿರುವಾಗಲೇ ನಾನು ಬಾರಿಸಿಬಿಟ್ಟಿದ್ದೆ. ಇನ್ನೊಮ್ಮೆ. ಮತ್ತೂ ಒಮ್ಮೆ. ಒಂದು ಸಲ ಅರ್ಧ ಎಣಿಕೆ ಮುಂಚೆ, ಒಂದು ಸಲ ಕಾಲು, ಒಂದು ಸಲ ಇನ್ನೂ ಹೆಚ್ಚು. ಆರನೇ ಸಲಕ್ಕೆ ಹಲ್ಲು ಡಾಕ್ಟರ್ ತನ್ನ ಗಿಟಾರಿನ ತಂತಿಯನ್ನೇ ನೋಡುತ್ತಾ ನಿಂತಿದ್ದ.

ನನಗೆ ಕೋಪ ಬಂತು. ಇಪ್ಪತ್ತೈದು ವರ್ಷ ಹೀಗೇ ಬಾರಿಸಿದ್ದೇನೆ, ಬೇಕಿದ್ದರೆ ಹಳೆಯ ರೆಕಾರ್ಡಿಂಗ್ ಕೇಳಿ ಎಂದೆ. ಅವರು ನಿಜವಾಗಿಯೂ ಕೇಳಲು ಕೂತರು. ಒಂದಲ್ಲ, ಹದಿನಾಲ್ಕು ಕಾರ್ಯಕ್ರಮಗಳ ಆ ಒಂದೇ ಜಾಗ. ಆಮೇಲೆ ವಿಡಿಯೋ ಇದೆಯಾ ಎಂದರು. ಅದನ್ನು ನೋಡಿ, ಹೆಡ್‌ಫೋನ್ ಕಳಚಿ ಮೊಣಕಾಲಿನ ಮೇಲಿಟ್ಟುಕೊಂಡರು.

“ನಿಮ್ಮಣ್ಣ ದೊಡ್ಡ ಕಳ್ಳ ಕಣಮ್ಮ” ಎಂದರು. “ನನ್ನ ಸರ್ವಿಸ್ಸಲ್ಲಿ ಇಂಥ ಕಳ್ಳನ್ನ ನೋಡಿಲ್ಲ. ಒಂದು ಸಲಾನೂ ಸಿಕ್ಕಿಬಿದ್ದಿಲ್ಲ.”

ಅತ್ತಿಗೆ, ಬಾರಿಸಲು ಶುರು ಮಾಡುವ ಮುಂಚೆ ನನ್ನ ಎಡ ಭುಜ ಒಂದು ಕೂದಲೆಳೆಯಷ್ಟು ಮೇಲೇಳುತ್ತದೆ. ನನಗೇ ಗೊತ್ತಿರಲಿಲ್ಲ. ಅಣ್ಣ ಆ ಭುಜವನ್ನು ನೋಡುತ್ತಿದ್ದ. ಅದು ಎದ್ದ ಕ್ಷಣಕ್ಕೆ ‘ಟಕ್’ ಹೊಡೆಯುತ್ತಿದ್ದ. ಅಲ್ಲಿಂದ ಎಲ್ಲರ ಎಣಿಕೆಯೂ ಹೊಸದಾಗಿ ಶುರುವಾಗುತ್ತಿತ್ತು. ನಾವು ಮೂವರೂ ಅವನ ‘ಟಕ್’ಗೆ ಕಾಯುತ್ತಿದ್ದೆವು. ಅವನು ನನ್ನ ಭುಜಕ್ಕೆ ಕಾಯುತ್ತಿದ್ದ. ಸ್ಟೇಜಿನ ಮೇಲೆ ನನ್ನನ್ನು ಯಾವಾಗಲೂ ತನ್ನ ಮಗ್ಗುಲಲ್ಲೇ ನಿಲ್ಲಿಸಿಕೊಳ್ಳುತ್ತಿದ್ದ. “ಯಾಕೋ ಹಾಗೆ ದುರುಗುಟ್ಟಿ ನೋಡ್ತೀಯ, ನಾನೇನು ಸಾಲಗಾರ್ತಿನಾ?” ಎಂದು ಎಷ್ಟು ಸಲ ರೇಗಿದ್ದೇನೆ. ಅವನು, “ಎದುರಿಗೆ ಡ್ರೈವರ್ ಬೆನ್ನು, ಈ ಕಡೆ ನೀನು. ನಿನ್ನನ್ನೇ ನೋಡೋದು ವಾಸಿ” ಎನ್ನುತ್ತಿದ್ದ.

ನಮ್ಮ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆಗೆ ಬರುವವರನ್ನು ಗಾಜಿನ ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತಿ ಎನ್ನುತ್ತೇವೆ. ಕೆಲವರು ಸದ್ದು ಬರುವ ಮುಂಚೆಯೇ ಒತ್ತುತ್ತಾರೆ. ಅವರದು ಕಿವಿಯ ತೊಂದರೆಯಲ್ಲ, ಸುಮ್ಮನಿರುವುದನ್ನು ತಾಳಲಾರರು. ಮೊನ್ನೆ ಊಟದ ಬಿಡುವಿನಲ್ಲಿ ಜೊತೆಯವಳಿಗೆ ಹೇಳಿ ನಾನೇ ಒಳಗೆ ಕೂತೆ. ನಲವತ್ತು ಸದ್ದಿಗೆ ಹನ್ನೊಂದು ಸಲ ಮುಂಚೆಯೇ ಒತ್ತಿದ್ದೆ. “ಏನೇ ಇದು, ನಿಂಗೇ ಹೀಗಾ?” ಎಂದು ಅವಳು ನಕ್ಕಳು.

ಒಂದೇ ಪ್ರಶ್ನೆ. ಅವನು ಇದನ್ನು ತಿಳಿದೇ ಮಾಡುತ್ತಿದ್ದನೇ? ನಿಮಗೆ ಗೊತ್ತಿತ್ತೇ? ಆ ಗಾದೆ ನೀವು ಸುಮ್ಮನೆ ಬರೆದದ್ದಲ್ಲ ಎಂದು ಈಗ ಅನ್ನಿಸುತ್ತಿದೆ.

ಗಡಿಬಿಡಿ


ಮೇ 19

ನಾದಿನಿಗೆ,

ಉತ್ತರ ಬರೆಯಬಾರದೆಂದಿದ್ದೆ. ಕೇಳಿದ್ದೀಯ, ಹೇಳುತ್ತೇನೆ.

ಗೊತ್ತಿತ್ತು. ಮದುವೆಯಾದ ಎರಡನೇ ವಾರ ಹೇಳಿದ್ದರು, ನಗುತ್ತಾ. ನಿಮ್ಮ ಮೊದಲ ಕಾರ್ಯಕ್ರಮದ ದಿನ ಮಾವ ಕೋಟು ಹಾಕಿಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರಂತೆ. ನಿನಗೆ ಹದಿನೆಂಟು. ಹೆಣ್ಣುಮಗಳು ನಾಲ್ಕು ಜನರ ಮುಂದೆ ನಗೆಪಾಟಲಾದರೆ ಇದೇ ಕೊನೆ ಎಂದಿದ್ದರಂತೆ. ನೀನು ಗಡಿಬಿಡಿಯಲ್ಲಿ ಮುಂಚೆ ಹಾರಿದೆ. ಇವರು ಭುಜ ಕಂಡು ‘ಟಕ್’ ಹೊಡೆದು ಮುಚ್ಚಿಹಾಕಿದರು. ಮಾವ ಚಪ್ಪಾಳೆ ತಟ್ಟಿದರು. ಅವತ್ತಿಂದ ನಿನ್ನ ಹೆಸರು ಗಡಿಬಿಡಿ. ಮನೆಯಲ್ಲಿ ಹಾಲುಕ್ಕಿಸುವುದಕ್ಕೆ, ಚಪ್ಪಲಿ ಮರೆತು ಓಡುವುದಕ್ಕೆ ಇಟ್ಟ ಹೆಸರು ಎಂದು ನೀನು ತಿಳಿದಿದ್ದೆ.

“ನೇರವಾಗಿ ಹೇಳಿ ತಿದ್ದಿಬಿಡಿ” ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. “ಬೇಡ ಕಣೇ. ಹೇಳಿದ್ರೆ ಎಣಿಸೋಕೆ ಶುರು ಮಾಡ್ತಾಳೆ. ಎಣಿಸೋಕೆ ಶುರು ಮಾಡಿದ್ರೆ ಬಾರಿಸೋದು ಮರೀತಾಳೆ” ಎನ್ನುತ್ತಿದ್ದರು. ಭಾನುವಾರ ನಾನು ಮಾತಾಡಲು ಕೂತರೆ, ಟಿವಿಯಲ್ಲಿ ನಿಮ್ಮ ವಿಡಿಯೋ ಹಾಕಿ, ಸದ್ದು ಪೂರ್ತಿ ತಗ್ಗಿಸಿ, ನಿನ್ನ ಭುಜ ನೋಡುತ್ತಾ ತೊಡೆಯ ಮೇಲೆ ಬೆರಳಲ್ಲಿ ಟಕ್ ಟಕ್. ನಾನು ಇಪ್ಪತ್ತೆರಡು ವರ್ಷ ಸಂಸಾರ ಮಾಡಿದ್ದು ನಿನ್ನ ಭುಜದ ಜೊತೆ.

ಮದುವೆಯಾದ ಮೂರನೇ ವರ್ಷ ದೊಡ್ಡ ತಂಡವೊಂದರಿಂದ ಕರೆ ಬಂತು. ದೇಶ ದೇಶ ತಿರುಗುವ ತಂಡ. ನಾನು ಕೆಂಪು ಸೂಟ್‌ಕೇಸ್ ಕೊಂಡು ತಂದಿದ್ದೆ. ಅವರು ಹೋಗಲಿಲ್ಲ. “ನಾನು ಹೋದ್ರೆ ಅವಳು ಬಿದ್ದುಹೋಗ್ತಾಳೆ.” ನಿನಗೆ ಹೇಳಿದ್ದು ಸಂಬಳ ಸಾಲದು ಎಂದು. ಗಿರಾಕಿಗಳು ವಾಪಸು ಒಯ್ಯದೆ ಬಿಟ್ಟ ಬಟ್ಟೆಗಳೆಲ್ಲ ಈಗ ಆ ಸೂಟ್‌ಕೇಸಿನಲ್ಲಿವೆ.

ಹೋದ ಆಗಸ್ಟಿನಲ್ಲಿ ಹೃದಯದ ಡಾಕ್ಟರು ಸ್ಕ್ಯಾನ್ ನೋಡಿ, ಆರು ತಿಂಗಳು ಡ್ರಮ್ಸ್ ಮುಟ್ಟಬೇಡಿ, ಭಾರ ಎತ್ತಬೇಡಿ ಎಂದರು. ನಿಮಗೆ ಯಾರಿಗೂ ಹೇಳಕೂಡದೆಂದು ನನ್ನಿಂದ ಆಣೆ ಹಾಕಿಸಿಕೊಂಡರು. ಯಾಕೆ ಎಂದೆ. “ಆರು ತಿಂಗಳು ಬೇರೆಯವನು ಕೂತ್ರೆ ಅವಳ ಗುಟ್ಟು ರಟ್ಟಾಗುತ್ತೆ.”

ಇದನ್ನು ಬರೆಯಬಾರದಿತ್ತು. ಹರಿದು ಬೇರೆ ಬರೆಯೋಣವೆಂದು ಎರಡು ದಿನ ಮೇಜಿನ ಮೇಲಿಟ್ಟಿದ್ದೆ. ಹರಿಯಲಿಲ್ಲ.

ಅತ್ತಿಗೆ


ಮೇ 30

ಅತ್ತಿಗೆ,

ಕಾಗದ ತಲುಪಿತು. ಓದಿದೆ.

ಇವತ್ತು ಒಂಬತ್ತು ಜನರ ಕಿವಿ ನೋಡಿದೆ. ಎಲ್ಲರಿಗೂ ಚೆನ್ನಾಗಿಯೇ ಕೇಳಿಸುತ್ತದೆ.

ಗಡಿಬಿಡಿ


ಆಗಸ್ಟ್ 3

ಗಡಿಬಿಡಿ,

ಎರಡು ತಿಂಗಳಾಯಿತು, ಒಂದು ಸಾಲು ಇಲ್ಲ. ಮೊದಮೊದಲು ಒಳ್ಳೆಯದೇ ಆಯಿತು ಅಂದುಕೊಂಡೆ. ಆಮೇಲೆ ಪ್ರತಿದಿನ ಅಂಚೆಯವನ ಸೈಕಲ್ಲಿಗೆ ಕಿವಿ ಕೊಡಲು ಶುರು ಮಾಡಿದೆ. ಮನುಷ್ಯರ ಬುದ್ಧಿಯೇ ಹೀಗೆ ನೋಡು.

ಹೋದ ಭಾನುವಾರ ಬೆಳಿಗ್ಗೆ ಟೈಲ್ಸ್ ಅಂಗಡಿಗೆ ಬಂದಿದ್ದೆ. ಒಳಗೆ ಬರಲಿಲ್ಲ. ಮೆಟ್ಟಿಲ ಮೇಲೆ, ಒಡೆದ ಟೈಲ್ಸಿನ ಪೆಟ್ಟಿಗೆಗಳ ಪಕ್ಕ ನಿಂತಿದ್ದೆ. ‘ಏಳನೇ ಮಹಡಿ’ ಬಾರಿಸಿದಿರಿ. ನಿಲ್ಲುವ ಜಾಗದಲ್ಲಿ ನೀನು ಬಾಯಿಬಿಟ್ಟು ಎಣಿಸುವುದು ಕೇಳಿಸಿತು. ಒಂದು, ಎರಡು, ಮೂರು, ನಾಲ್ಕು. ಸ್ಕೂಲಿನಲ್ಲಿ ಮಗ್ಗಿ ಒಪ್ಪಿಸುವವಳ ಹಾಗೆ. ಆಮೇಲೆ ಎಲ್ಲರೂ ಸರಿಯಾಗಿ ಹಿಡಿದಿರಿ. ‘ಟಕ್’ ಇರಲಿಲ್ಲ. ಬೇಕಾಗಿಯೂ ಇರಲಿಲ್ಲ.

ಆ ಸದ್ದನ್ನು ನಾನು ಇಪ್ಪತ್ತೆರಡು ವರ್ಷ ದ್ವೇಷಿಸಿದ್ದೇನೆ. ಅದು ಬೀಳದೇ ಇದ್ದಾಗ, ಹಾಡು ಮುಗಿಯುವವರೆಗೂ ಅದಕ್ಕೇ ಕಾದೆ.

ಡಾಕ್ಟರು ಹೇಳಿದ ವಿಷಯ ಬರೆದೆನಲ್ಲ. ಸುಳ್ಳಲ್ಲ. ಆದರೆ ಅವರು ಸುಮ್ಮನೆ ಕೂರುವ ಮನುಷ್ಯರೇ? ನೀನಿಲ್ಲದಿದ್ದರೂ ಇನ್ನೊಂದು ನೆಪ ಹುಡುಕುತ್ತಿದ್ದರೇನೋ. ನನ್ನ ದುಃಖ ತಗುಲಿಹಾಕಲು ಒಂದು ಗೂಟ ಬೇಕಿತ್ತು, ನಿನ್ನ ಭುಜ ಕಂಡಿತು. ಇದನ್ನು ನೀನು ನಂಬಬೇಕೆಂದು ಬರೆಯುತ್ತಿಲ್ಲ. ನಾನೇ ಒಂದು ದಿನ ನಂಬುತ್ತೇನೆ, ಒಂದು ದಿನ ಇಲ್ಲ.

ಡ್ರಮ್ಸ್ ನಾಳೆ ಗಾಡಿಯಲ್ಲಿ ಕಳಿಸುತ್ತೇನೆ. ಕೂರುವ ಸ್ಟೂಲನ್ನು ಮಾತ್ರ ಇಟ್ಟುಕೊಂಡಿದ್ದೇನೆ. ಅದರ ಮೇಲೆ ಕೂತು ಗುಂಡಿ ಹೊಲಿಯುತ್ತೇನೆ.

ಅಕ್ಟೋಬರಿಗೆ ಬರುತ್ತೇನೆ, ಮೂರನೇ ಸಾಲಿನಲ್ಲಿ ಒಂದು ಕುರ್ಚಿ ಇರಲಿ. ಒಂದು ಕೇಳುತ್ತೇನೆ, ಇಲ್ಲ ಅನ್ನಬೇಡ. ಅವತ್ತು ಆ ಹಾಡಿನಲ್ಲಿ ಎಣಿಸಬೇಡ. ಮೊದಲಿನ ಹಾಗೆ ಮುಂಚೆ ಹಾರು. ಪೊಲೀಸಪ್ಪನಿಗೆ ಭುಜ ನೋಡಲು ಹೇಳು. ನಿಮ್ಮಣ್ಣ ಇದ್ದ ಜಾಗ ಅದೊಂದೇ. ಇನ್ನೊಂದು ಸಲ ಕೇಳಿಸಿಬಿಡು, ಸಾಕು. ಆಮೇಲೆ ಬೇಕಾದ ಹಾಗೆ ಬಾರಿಸಿಕೊ.

ಅತ್ತಿಗೆ


ಆಗಸ್ಟ್ 9

ಅತ್ತಿಗೆ,

ಡ್ರಮ್ಸ್ ಬಂತು. ದೊಡ್ಡ ಡ್ರಮ್ಮಿನ ಮೇಲೆ ಧೂಳಿಲ್ಲ. ಬೀಗ ಹಾಕಿದ ಕೋಣೆಯಲ್ಲಿ ನೀವು ಒರೆಸುತ್ತಲೇ ಇದ್ದಿರಿ ಎಂದಾಯಿತು.

ಪೊಲೀಸಪ್ಪನಿಗೆ ಹೇಳಿದೆ. “ಮೂವತ್ತು ವರ್ಷ ಎದುರಿಗೆ ನೋಡ್ಕೊಂಡೇ ಬಾರ್ಸಿದೀನಮ್ಮ, ಪಕ್ಕಕ್ಕೆ ನೋಡಿದ್ರೆ ಸಸ್ಪೆಂಡ್ ಮಾಡ್ತಿದ್ರು” ಎಂದರು. ಆಮೇಲೆ ತಾವಾಗಿಯೇ ತಮ್ಮ ಸ್ಟೂಲನ್ನು ಓರೆಗೆ ತಿರುಗಿಸಿಕೊಂಡರು.

ಮೂರನೇ ಸಾಲು, ನಡುವಿನ ಕುರ್ಚಿ. ಕೊಡುತ್ತೇನೆ ಅತ್ತಿಗೆ. ಇದೊಂದನ್ನಾದರೂ ಕೊಡುತ್ತೇನೆ. ಇಪ್ಪತ್ತೈದು ವರ್ಷ ಅರಿವಿಲ್ಲದೆ ಮಾಡಿದ ತಪ್ಪು, ಅರಿತು ಒಂದು ಸಲ ಮಾಡಲಾರೆನೇ?

ಗಡಿಬಿಡಿ


ಅಕ್ಟೋಬರ್ 15

ಅತ್ತಿಗೆ,

ನೀವು ಎದ್ದು ಹೋದದ್ದು ಕಂಡಿತು. ಬಾಗಿಲಲ್ಲಿ ಒಂದು ಕ್ಷಣ ನಿಂತಿರಿ, ತಿರುಗಲಿಲ್ಲ. ನಾನು ಬಾರಿಸುತ್ತಲೇ ಇದ್ದೆ.

ಏನಾಯಿತೆಂದು ಹೇಳುವುದು ನನ್ನ ಕರ್ತವ್ಯ. ಬೇಕೆಂದೇ ನಿಮಗೆ ಕೊಟ್ಟ ಮಾತು ಮುರಿದೆ ಎಂದು ನೀವು ತಿಳಿಯಬಾರದು.

ಸೆಪ್ಟೆಂಬರ್ ಪೂರ್ತಿ ಪ್ರಯತ್ನಿಸಿದೆವು. ಎಣಿಸುವುದನ್ನು ಬಿಟ್ಟೆ. ಕಣ್ಣು ಮುಚ್ಚಿ ಬಾರಿಸಿದೆ. ಎಣಿಕೆ ತಪ್ಪಲೆಂದು ಆ ನಿಶ್ಶಬ್ದದಲ್ಲಿ ಮನೆಯ ವಿಳಾಸ ಹೇಳಿಕೊಂಡೆ, ಫೋನ್ ನಂಬರ್ ಹಿಂದಿನಿಂದ ಮುಂದಕ್ಕೆ ಹೇಳಿಕೊಂಡೆ. ಅಭ್ಯಾಸದಲ್ಲಿ ಎರಡು ಸಲ ಮುಂಚೆ ಹಾರಿದೆ, ಆದರೆ ಅದು ಹಾರಿದ್ದಲ್ಲ, ತಳ್ಳಿದ್ದು. ಭುಜ ಏಳಲಿಲ್ಲ. ಪೊಲೀಸಪ್ಪ ನೋಡುತ್ತಲೇ ಇದ್ದರು. “ಎಲ್ಲಮ್ಮ, ಬರ್ಲೇ ಇಲ್ಲ” ಎಂದರು. ಬೇಕೆಂದೇ ಭುಜ ಎತ್ತಿದರೆ ಬಸ್ ನಿಲ್ಲಿಸಲು ಕೈ ಎತ್ತಿದವಳ ಹಾಗೆ ಕಾಣುತ್ತದೆ ಎಂದು ಡ್ರೈವರ್ ಹೇಳಿದ. ಸ್ಟೇಜ್ ಹತ್ತಿದರೆ ತಾನಾಗಿ ಬರುತ್ತದೆ ಎಂದು ನಂಬಿದ್ದೆ. ಜನರ ಮುಂದೆ ಹೆದರಿಕೆಯಿರುತ್ತದೆ, ಹೆದರಿಕೆಗೆ ಗಡಿಬಿಡಿ ಹುಟ್ಟುತ್ತದೆ, ಹಾಗೆಂದುಕೊಂಡೆ. ನಿಮಗೆ ಬರೆದು ತಿಳಿಸಬಹುದಿತ್ತು. ಬರಬೇಡಿ ಎನ್ನಲು ಮನಸ್ಸಾಗಲಿಲ್ಲ.

ಪುರಭವನ ತುಂಬಿತ್ತು. ಎರಡನೇ ಚರಣ ಮುಗಿಯಿತು. ನಿಂತೆವು. ನೀವು ಕುರ್ಚಿಯ ತುದಿಗೆ ಸರಿದು, ಮಡಿಲಲ್ಲಿದ್ದ ಚೀಲವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿರಿ. ಪೊಲೀಸಪ್ಪ ಕೋಲನ್ನು ಅಂಚಿನ ಮೇಲೆ ಎತ್ತಿಹಿಡಿದು ನನ್ನ ಭುಜವನ್ನೇ ನೋಡುತ್ತಿದ್ದರು. ನಾನು ಎಣಿಸಲಿಲ್ಲ. ಆಣೆ ಮಾಡಿ ಹೇಳುತ್ತೇನೆ, ಎಣಿಸಲಿಲ್ಲ. ನಿಮ್ಮನ್ನು ನೋಡುತ್ತಿದ್ದೆ. ಆದರೂ ಕೈ ಕಾಯಿತು. ನಾಲ್ಕು ಪೂರ್ತಿ ಮುಗಿಯುವವರೆಗೆ, ಒಂದಿಷ್ಟೂ ಅವಸರವಿಲ್ಲದೆ ಕಾಯಿತು. ಆಮೇಲೆ ಸರಿಯಾದ ಜಾಗಕ್ಕೆ ಬಿತ್ತು. ಎಲ್ಲರೂ ಒಟ್ಟಿಗೆ ಹಿಡಿದರು. ಎತ್ತಿದ ಕೋಲನ್ನು ಪೊಲೀಸಪ್ಪ ಸುಮ್ಮನೆ ಕೆಳಗಿಳಿಸಿದರು.

ಆ ನಾಲ್ಕು ಎಣಿಕೆಯನ್ನು ಅಷ್ಟು ಪೂರ್ತಿಯಾಗಿ ನಾನು ಎಂದೂ ಕೇಳಿರಲಿಲ್ಲ. ಎಷ್ಟು ದೊಡ್ಡದು ಅದು. ಅದರೊಳಗೆ ಯಾರೂ ಇರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಹಲ್ಲು ಡಾಕ್ಟರ್ ನನ್ನ ಬೆನ್ನು ತಟ್ಟಿ, “ಇಪ್ಪತ್ತೈದು ವರ್ಷಕ್ಕೆ ಮೊದಲ್ನೇ ಸಲ ಒಂದು ತಪ್ಪೂ ಇಲ್ಲ ಕಣೇ” ಎಂದ. ಹೇಳಿದ ಮೇಲೆ ಏನು ಹೇಳಿದೆನೆಂದು ಅವನಿಗೆ ಹೊಳೆಯಿತು. ತಂತಿ ಸಡಿಲಿಸುತ್ತಾ ನಿಂತ. ನೆರೆದವರಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಬ್ಯಾಂಡ್ ಹಿಂದಿಗಿಂತ ಚೆನ್ನಾಗಿದೆ ಎಂದರು ಕೆಲವರು.

ಅಣ್ಣ ಹೇಳಿದ್ದು ಅರ್ಧ ಸುಳ್ಳಾಯಿತು. ಎಣಿಸಲು ಕಲಿತೆ, ಬಾರಿಸುವುದನ್ನು ಮರೆಯಲಿಲ್ಲ. ಮರೆತಿದ್ದರೆ ಬಿಟ್ಟುಬಿಡಬಹುದಿತ್ತು. ಮುಂದಿನ ತಿಂಗಳು ಮೂರು ಕಡೆ ಕರೆದಿದ್ದಾರೆ. ಹೋಗೋಣ ಎಂದು ಡ್ರೈವರ್ ಹೇಳಿದ. ನಾನು ತಲೆಯಾಡಿಸಿದೆ.

ಕರಿ ಅಂಗಿಯನ್ನು ಇನ್ನು ನಾನೇ ಇಸ್ತ್ರಿ ಮಾಡಿಕೊಳ್ಳುತ್ತೇನೆ. ಕಾಲರಿನ ತುದಿ ನಿಮ್ಮಷ್ಟು ಚೆನ್ನಾಗಿ ಕೂರುವುದಿಲ್ಲ.

ಎಂದಿನ ಹೆಸರು ಬರೆಯಲು ಹೊರಟೆ. ಪೆನ್ನು ಮುಂದೆ ಹೋಗಲಿಲ್ಲ.

ನಿಮ್ಮ ನಾದಿನಿ